ಎಡಗಿವಿಗೆ ಬದಲಿ

ಗಬ್ಬೂರ ಬೈಪಾಸಿನ ಗ್ಯಾರೇಜಿನ್ಯಾಗ
ಮೌಲಾಲಿ ಕೇಳಿದ: "ಟರ್ಬೋ ಸೀಟಿ ಹೆಂಗ ಐತಿ?"
"ಚಲೋ ಐತಿ" ಅಂದೆ.
ಸುಳ್ಳು.
ಎರಡು ವರ್ಷಾತು, ಆ ಸೀಟಿ ನನಗ ಕೇಳಸಂಗಿಲ್ಲ.

ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡದಾಂವನ
ಬಲಗಿವಿ ಖಿಡಕಿಗೆ, ಎಡಗಿವಿ ಇಂಜಿನ್ನಿಗೆ.
ಖಿಡಕಿ ಗಾಳಿ ಕೊಡತು. ಇಂಜಿನ್
ತನ್ನ ಪಾಲು ತಗೊಂಡು ಹೋತು.
ಮೊದಲ ಹೋದವು ಸಣ್ಣ ದನಿ:
ಟರ್ಬೋದ್ದು, ಕುಕ್ಕರಿಂದು,
ಮೊಮ್ಮಗಳು ಹೇಳೋ ಗುಟ್ಟು.
ದಪ್ಪ ದನಿ ಇನ್ನೂ ಅದಾವ:
ಹಾರ್ನು, ಹಮಾಲರ ಬೈಗುಳ,
ತಿಂಗಳ ಐದನೇ ತಾರೀಖಿಗೆ ಫೈನಾನ್ಸಿನವರ ಫೋನು.

ರಾಣೇಬೆನ್ನೂರಾಗ ಗೋವಿನಜೋಳ ಹೇರಿಕೊಂಡು ಬರುವಾಗ
ವರೂರಿನ ಏರಿಗೆ ಗಾಡಿಗೆ ದಮ್ಮು ಸಾಲವಲ್ದು.
ಕನ್ನಡ್ಯಾಗ ಕರೀ ಹೊಗಿ.
ಕ್ಲೀನರ್ ಹುಡುಗ ಗುರುಸಿದ್ಧ ಅಂದ:
"ಕಾಕಾ, ಸೀಟಿ ಹೋಗಿ ಬುಸ್ ಅನ್ನಾಕತ್ತೈತಿ."
ಮೂರು ತಿಂಗಳಿನ ಹುಡುಗ, ಗೇರಿನ ಹೆಸರು ಗೊತ್ತಿಲ್ಲ ಅವಗ,
ನನ್ನ ಗಾಡಿ ಸುದ್ದಿ ನನಗ ಹೇಳಿದ.

ಪಿ.ಬಿ. ರೋಡಿನ ಅಂಗಡ್ಯಾಗ ಪುಖರಾಜ ಸೇಠ
ಗಾಜಿನ ಮ್ಯಾಲೆ ಮೂರು ಮೀಟರ್ ಇಟ್ಟ.
ಒಂದು ಏಳು ಬಣ್ಣ ಬದಲಸತೈತಿ. ಬ್ಯಾಡ,
ಲಗ್ನದ ಪೆಂಡಾಲ ಅಲ್ಲ ನನ್ನ ಕ್ಯಾಬಿನ್ನು.
ಇನ್ನೊಂದರಾಗ ಅರವತ್ತರ ತನಕ ಅಂಕಿ.
ನನ್ನ ಗಾಡಿ ಒತ್ತಡ ಹದಿನೆಂಟು, ಭಾಳಂದ್ರ ಇಪ್ಪತ್ತು;
ಅಷ್ಟು ದೊಡ್ಡ ಮನ್ಯಾಗ ಮುಳ್ಳು ಮೂಲಿ ಹಿಡದು ಕುಂದರತೈತಿ,
ಎರಡು ಗೆರಿ ಇಳದ್ರ ಯಾರ ನೋಡಬೇಕು?
ಮೂರನೇದು ಸಾದಾ. ಕರೀ ಮಾರಿ, ಬಿಳೀ ಮುಳ್ಳು,
ಮೂವತ್ತಕ್ಕ ಮುಗೀತು. ಸೆನ್ಸರ್ ಇಲ್ಲ, ಏನಿಲ್ಲ,
ಗಾಳಿ ತಾನ ನಳಗಿ ಹಾಯ್ದು ಬಂದು ಮುಳ್ಳು ನೂಕತೈತಿ.
"ಇದು ಹಳೇ ಕಾಲದ್ದು" ಅಂದ ಸೇಠ.
"ನಾನೂ" ಅಂದೆ.
ನೂರೈವತ್ತು ಬಿಟ್ಟ.

ಪಂಪಿಗೆ ಹೋಗೋ ಸಣ್ಣ ಪೈಪು ಕೊಯ್ದು
ಮೌಲಾಲಿ ನಡಬರಕ ಟೀ ಕೂಡಿಸಿದ.
ನೈಲಾನ್ ನಳಗಿ ಬಿಸಿ ಕಬ್ಬಿಣಕ್ಕ ತಾಗದಂಗ
ಸುತ್ತು ಹಾಕಿ ತಂದ, ಕೂಸಿನ ಕೈ ಹಿಡಕೊಂಡು ಸಂತಿ ದಾಟಿಸಿದಂಗ.
ಕ್ಯಾಬಿನ್ ತಗಡಿಗೆ ತೂತು ಹೊಡದ;
ತಗಡಿನ ಅಂಚು ನಳಗಿ ಕೊಯ್ಯಬಾರದು,
ರಬ್ಬರ್ ಬುಶ್ ಇಲ್ಲ,
ತನ್ನ ಹವಾಯಿ ಚಪ್ಪಲಿ ಹಿಮ್ಮಡ ಕೊಯ್ದು ತುರಿಕಿದ.

ಎಲ್ಲಿ ಹಚ್ಚೋದು? ಕಂಬಕ್ಕ ಹಚ್ಚಿದ್ರ ಕನ್ನಡಿ ಮುಚ್ಚತೈತಿ.
ನಡುವ ಅಜ್ಜನ ಫೋಟೋ, ಅದನ್ನ ಯಾರೂ ಸರಸಂಗಿಲ್ಲ.
ಕಡೀಕ ಆಯಿಲ್ ಮೀಟರಿನ ಮಗ್ಗಲಕ.
ಮೌಲಾಲಿ ಅದನ್ನ ಚೂರು ಓರಿ ಮಾಡಿ ತಿರುವಿದ,
ಹದಿನೆಂಟು ನೆಟ್ಟಗ ಮ್ಯಾಲೆ ಬರೋಹಂಗ.
"ಓದಬ್ಯಾಡ. ನಿಂತೈತೋ ಬಾಗೈತೋ, ಅಷ್ಟ ನೋಡು."

ಮರುದಿನ ಲೋಡು, ವರೂರಿನ ಏರು.
ಮುಳ್ಳು ಎದ್ದಿತು. ಹನ್ನೊಂದಕ್ಕ ನಿಂತಿತು.
ಎಷ್ಟು ತುಳದ್ರೂ ಹನ್ನೊಂದು.
ಹೊಳ್ಳಿ ಬಂದು ಸಾಬಾಣದ ನೀರು ಬಡದ್ವಿ.
ಟೀ ಹತ್ತಿರ ಏನಿಲ್ಲ.
ಇಂಟರ್‌ಕೂಲರ್ ಹೋಜಿನ ಕ್ಲಾಂಪ್ ಕೆಳಗ
ಉಗುರಿನಷ್ಟು ಸೀಳು, ನೊರಿ ಉಗಳಾಕತ್ತಿತ್ತು.

"ನನಗ ಕೇಳಸಿರಲಿಲ್ಲ" ಅಂದೆ, ನೆಲ ನೋಡಕೋತ.
ಮೌಲಾಲಿ ಕೈ ಒರಸಕೊಂಡ.
"ಗೊತ್ತೈತಿ. ಎಡಕ್ಕ ನಿಂತು ಮೂರು ಸಲ
ಚಾ ಬೇಕೇನೋ ಅಂತ ಕೇಳೀನಿ ನಿನಗ."

ಈಗ ಏರಿನ್ಯಾಗ ಮುಳ್ಳು ನೆಟ್ಟಗ.
ಸಪ್ಪಳ ಇಲ್ಲದ ಸೀಟಿ, ಕಣ್ಣಿಗೆ ಬರತೈತಿ.
ಗುರುಸಿದ್ಧ ಬಾಯಿಲೆ ಸೀಟಿ ಹೊಡೀತಾನ, ಹೊಡೀಲಿ.

ರಾತ್ರಿ ಮನ್ಯಾಗ ಮೊಮ್ಮಗಳು ತೊಡಿ ಮ್ಯಾಲೆ ಹತ್ತಿ
ಎಡಗಿವಿಗೇ ಬಾಯಿ ಹಚ್ಚಿ ಏನೋ ಅಂದ್ಲು.
ಏನಂದಿ ಅಂತ ಕೇಳಲಿಲ್ಲ.
ಉಸರು ಬೆಚ್ಚಗ ತಾಗತು.
ಎರಡೋ ಮೂರೋ ಇರಬೇಕು ಒತ್ತಡ.
ತಲಿ ಹಾಕಿದೆ.